ಕೀಲೆಣ್ಣೆಯ ಹನಿಯ ಸಾಕ್ಷಿ

ಕಡಲೆಕಾಳಿನಷ್ಟು ದಪ್ಪದ ಕಪ್ಪು ಹನಿಯೊಂದು ಗಾಜಿನ ಬಟ್ಟಲಲ್ಲಿ ಕೂತಿತ್ತು. ಅದರ ಮೇಲೆ ಕೂದಲಿಗಿಂತ ತೆಳ್ಳಗಿನ ನೀಲಿ ಬೆಳಕು ಸುತ್ತು ಹೊಡೆಯಿತು, ಸಣ್ಣಗೆ ಹೊಗೆಯೆದ್ದಿತು, ಗೋಡೆಯ ಮೇಲಿನ ಧ್ವನಿಪೆಟ್ಟಿಗೆಯಿಂದ ಸಾವಿರ ವರ್ಷಗಳ ಹಿಂದೆ ಸತ್ತುಹೋದ ಗಂಡಸೊಬ್ಬ ಮಾತನಾಡಿದ. ಮಾತನಾಡಿದ ಎಂದರೆ ಒಂದೇ ಒಂದು ಮಾತು: "ಏಯ್."

"ದ್ವೀಪ! ದ್ವೀಪ ಅಂದ ನೋಡ್ರಿ!" ಎಂದು ನೀಲಗಂಗಾ ಯಲಿಗಾರ ಕುರ್ಚಿಯಿಂದ ಎದ್ದೇ ಬಿಟ್ಟಳು. ನಲವತ್ತೈದು ದಾಟಿದ ಭೌತವಿಜ್ಞಾನಿ, ಧಾರವಾಡದ ಹೆಣ್ಣುಮಗಳು, ಇಂಥ ಹನಿಗಳನ್ನು ಸಾವಿರಗಟ್ಟಲೆ ಕೇಳಿದವಳು. ಆದರೂ ಪ್ರತಿಸಲ ಹನಿ ಬಾಯಿಬಿಟ್ಟಾಗ ಮೈಯೆಲ್ಲ ಜುಮ್ಮೆನ್ನುವುದು ತಪ್ಪಿರಲಿಲ್ಲ. ಯಂತ್ರವನ್ನು ಕಂಡುಹಿಡಿದವಳು ಅವಳೇ. ಅದಕ್ಕೆ ಹನಿಗಿವಿ ಎಂದು ಹೆಸರಿಟ್ಟವಳೂ ಅವಳೇ.

ನಾರ್ವೆ ದೇಶದ ಉತ್ತರದ ತುದಿಯಲ್ಲಿ, ಸ್ಕಾರ್ವ ಎಂಬ ಪುಟ್ಟ ದ್ವೀಪದ ಮೇಲೆ ಅವಳ ಪ್ರಯೋಗಶಾಲೆ ಇತ್ತು. ಅಲ್ಲಿನವರು ಪೈನ್ ಮರದ ಬೇರನ್ನು ಬೇಯಿಸಿ ಕಪ್ಪು ಕೀಲೆಣ್ಣೆ ಇಳಿಸಿ, ಅದನ್ನು ಕಾಯಿಸಿ, ದೋಣಿಯ ಹಲಗೆಗಳಿಗೆ ನೀರು ಇಳಿಯದಂತೆ ಬಳಿಯುವುದು ಸಾವಿರಾರು ವರ್ಷಗಳ ರೂಢಿ. ಬಿಸಿ ಎಣ್ಣೆಯ ಹನಿ ಆ ಚಳಿಗೆ ಅರ್ಧ ಸೆಕೆಂಡಿನಲ್ಲಿ ಕೆನೆಗಟ್ಟುತ್ತದೆ. ಕೆನೆಗಟ್ಟುವಾಗ ಹತ್ತಿರದಲ್ಲಿ ಯಾರಾದರೂ ಮಾತನಾಡಿದರೆ, ಆ ದನಿಯ ನಡುಕ ಹನಿಯ ಪದರದಲ್ಲಿ ಸುಕ್ಕಾಗಿ ಉಳಿದುಬಿಡುತ್ತದೆ. ಹನಿಗಿವಿ ಆ ಸುಕ್ಕುಗಳನ್ನು ಪದರ ಪದರವಾಗಿ ಸುಡುತ್ತ ಓದಿ, ಮತ್ತೆ ದನಿಯಾಗಿಸುತ್ತದೆ. ಓದಿದ ಹನಿ ಮಾತ್ರ ಉಳಿಯುವುದಿಲ್ಲ. ಒಂದು ಹನಿಗೆ ಒಂದೇ ಅವಕಾಶ.

ಅರ್ಧ ಸೆಕೆಂಡಿನಲ್ಲಿ ಯಾವ ಪುರಾಣ ಕೇಳಿಸೀತು ಎಂದು ಮೊದಮೊದಲು ವಿದ್ವಾಂಸರು ನಕ್ಕಿದ್ದರು. ಉದ್ದನೆಯ ಮಾತುಗಳೆಲ್ಲ ಬಾಲ ಕತ್ತರಿಸಿಕೊಂಡೇ ಬರುತ್ತಿದ್ದವು ನಿಜ. ಆದರೆ ಜನ ದಿನಕ್ಕೆ ನೂರು ಸಲ ಆಡುವುದು ಗಿಡ್ಡ ಮಾತುಗಳನ್ನೇ ಅಲ್ಲವೇ? ನಮ್ಮಲ್ಲಿ ಬಾ, ತಾ, ಹೋ, ಆ, ಈ ಇರುವ ಹಾಗೆ. ಬಳಸಿ ಬಳಸಿ ಸಾಬೂನು ಸವೆದಂತೆ ಮಾತೂ ಸವೆಯುತ್ತದೆ. ಆ ಹಳೆಯ "ಏಯ್" ಸವೆದು, ಸ್ಕಾರ್ವದ ಜನ ಈಗ ದ್ವೀಪಕ್ಕೆ ಹೇಳುವುದು ಒಂದೇ ಸ್ವರ, ತುಟಿ ದುಂಡಗೆ ಮಾಡಿಕೊಂಡು "ಎ" ಅಂದ ಹಾಗೆ. ಹೊಳೆಗೂ ಒಂದೇ ಸ್ವರ, ಹೆಚ್ಚುಕಡಿಮೆ ನಮ್ಮ "ಓ". ಹಳೆಯ ಹನಿಗಳಲ್ಲಿ ಆ "ಓ" ಮೊದಲು "ಆ" ಆಗಿ, ಇನ್ನೂ ಹಿಂದೆ "ಅಹ್ವ" ಆಗಿ ಕೇಳಿಸಿತು. ಅಹ್ವ ಎಂದರೆ ನೀರು. ದ್ವೀಪದ ಮಾತು ಹುಟ್ಟಿದ್ದೂ ಆ ನೀರಿನ ಹೊಟ್ಟೆಯಲ್ಲೇ, "ನೀರಿನದು" ಎಂಬ ಅರ್ಥದಲ್ಲಿ. ಪುಸ್ತಕ ಓದಿ ಊಹಿಸಿದ್ದನ್ನು ಈಗ ಸತ್ತವರ ಬಾಯಿಂದಲೇ ಕೇಳಬಹುದಿತ್ತು.

ಆದರೆ ಹನಿಗಿವಿಗೆ ಲೋಕಪ್ರಸಿದ್ಧಿ ತಂದದ್ದು ನೀರೂ ಅಲ್ಲ, ದ್ವೀಪವೂ ಅಲ್ಲ, "ಇಲ್ಲ" ಎಂಬ ಮಾತು. ಆ ನಾಡಿನ "ನೇಯ್" ಎಂಬ ಇಲ್ಲ ಹನಿ ಹನಿಯಲ್ಲೂ ಸಿಕ್ಕಿತು. ನೇಯ್ ಎಂದರೆ "ಎಂದೂ ಇಲ್ಲ" ಎಂದು ಎರಡು ಮಾತು ಬೆಸೆದು ಆದದ್ದು. ವಿಚಿತ್ರವೆಂದರೆ ದೋಣಿ ಕಟ್ಟುವವರ ಬಾಯಲ್ಲಿ ಅಷ್ಟೊಂದು ಇಲ್ಲ ಸಿಕ್ಕರೂ ಒಂದೇ ಒಂದು "ಹೌದು" ಸಿಗಲಿಲ್ಲ. ಪ್ರಶ್ನೆ ಇರುವ ಹನಿಯ ಪಕ್ಕದ ಹನಿ ಎಷ್ಟೋ ಸಲ ಬರೀ ಮೌನ. ನೀಲಗಂಗಾ ಮತ್ತು ಅವಳ ಜೊತೆಗಾರ ಕೌರಿ ಸೇರಿ ಪ್ರಬಂಧ ಬರೆದರು: ಉತ್ತರದ ಪೂರ್ವಜರಿಗೆ ಹೌದು ಎಂಬ ಮಾತೇ ಇರಲಿಲ್ಲ, ಅವರಿಗೆ ಮೌನವೇ ಸಮ್ಮತಿಯಾಗಿತ್ತು. ಕೌರಿ ಐಸ್‌ಲ್ಯಾಂಡಿನವನು, ತಲೆ ಅರ್ಧ ಬೋಳಾದ ಪದಮೂಲಗಳ ಪಂಡಿತ. ಪ್ರಬಂಧ ಹೊರಬಿದ್ದದ್ದೇ ತಡ, ಇಲ್ಲ ಎಂದವರ ನಾಡು ಎಂದು ಜಗತ್ತೆಲ್ಲ ಕುಣಿಯಿತು. ಪ್ರವಾಸಿಗರು "ನೇಯ್" ಎಂದು ಬರೆದ ಅಂಗಿ ಕೊಂಡರು. ಮದುವೆಗಳಲ್ಲಿ ವಧೂವರರು ಬಾಯಿಬಿಡದೆ ನಿಲ್ಲುವುದು ಫ್ಯಾಶನ್ ಆಯಿತು.

ಈ ಎಲ್ಲ ಗದ್ದಲದ ನಡುವೆ, ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ರಾಗ್ನಾ ಮುದುಕಿ ಪ್ರಯೋಗಶಾಲೆಯ ಬಾಗಿಲು ಬಡಿದಳು.

ಅವಳ ಮಾತು ನೀಲಗಂಗಾಳ ಕಿವಿಗೆ ಅಪ್ಪಟ ಧಾರವಾಡ ಕನ್ನಡದಲ್ಲಿ ಬಿತ್ತು. ಅದು ಕಿವಿಮಣಿಯ ಮಹಿಮೆ. ಆ ಕಾಲಕ್ಕೆ ಎಲ್ಲರ ಕಿವಿಯಲ್ಲೂ ಜೋಳದ ಕಾಳಿನಂಥ ಅನುವಾದಕ ಇರುತ್ತಿತ್ತು. ಯಾವ ದೇಶದವರು ಏನೇ ಆಡಲಿ, ಕೇಳುವವರ ಊರಿನ ಧಾಟಿಯಲ್ಲೇ ಒಪ್ಪಿಸುತ್ತಿತ್ತು. ನಾರ್ವೆಯ ಮೀನುಗಾರರೆಲ್ಲ ನೀಲಗಂಗಾಳ ಪಾಲಿಗೆ ಧಾರವಾಡದ ಸುಭಾಸ ರಸ್ತೆಯ ಅಂಗಡಿಕಾರರಂತೆ ಮಾತನಾಡುತ್ತಿದ್ದರು. ಅವಳು ಕನ್ನಡದಲ್ಲಿ ಆಡಿದ್ದನ್ನು ಕೊರಳಪಟ್ಟಿಯ ಪುಟ್ಟ ಪೆಟ್ಟಿಗೆ ಅವರ ಭಾಷೆಯಲ್ಲಿ ನುಡಿಯುತ್ತಿತ್ತು.

"ಸತ್ತವರ ಮಾತು ಕೇಳೂದು ಸಾಕು," ಎಂದಳು ರಾಗ್ನಾ. "ಜೀವಂತ ಇದ್ದವರದೊಂದು ಜಗಳ ಐತಿ. ಅದನ್ನ ಬಗೀಹರಸು."

ಜಗಳ ಊರಿಗೆಲ್ಲ ಗೊತ್ತಿದ್ದದ್ದೇ. ಐವತ್ತು ವರ್ಷಗಳ ಹಿಂದೆ ರಾಗ್ನಾಳೂ ಫಿನ್‌ಲ್ಯಾಂಡಿನಿಂದ ಬಂದ ತೌನೊ ಎಂಬ ಹುಡುಗನೂ ಪಾಲುಗಾರಿಕೆಯಲ್ಲಿ ಒಂದು ದೋಣಿ ಕಟ್ಟಿದರು. ಕಟ್ಟುತ್ತ ಕಟ್ಟುತ್ತ ಮನಸ್ಸೂ ಕೂಡಿತ್ತು. ತೌನೊ ದೋಣಿಯ ಕೆಳಗೆ ಅಂಗಾತ ಮಲಗಿ ಕೊನೆಯ ಸಲ ಕೀಲೆಣ್ಣೆ ಬಳಿಯುತ್ತಿದ್ದಾಗ, ಹೊರಗೆ ಗಾಳಿಯಲ್ಲಿ ನಿಂತ ರಾಗ್ನಾ ಧೈರ್ಯಮಾಡಿ, "ನನ್ನ ಮದುವೆ ಆಗ್ತೀಯಾ?" ಎಂದು ಕೇಳಿದಳು. ಉತ್ತರ ಬರಲಿಲ್ಲ. ಮರ್ಯಾದೆಗೆ ಅಂಜಿದವಳು ಎರಡನೇ ಸಲ ಕೇಳದೆ ಹೊರಟುಹೋದಳು. ತೌನೊ ಮಾತ್ರ ತಾನು ಹೌದು ಎಂದೆ, ಎರಡು ಸಲ ಎಂದೆ, ಅವಳೇ ಮನಸ್ಸು ಬದಲಿಸಿ ಓಡಿದಳು ಎನ್ನುತ್ತಿದ್ದ. ಅವನು ಸುಳ್ಳುಗಾರ ಎಂದು ಅವಳು, ಅವಳು ಮಾತಿಗೆ ತಪ್ಪಿದವಳು ಎಂದು ಅವನು. ಇಬ್ಬರೂ ಮದುವೆಯಾಗಲಿಲ್ಲ. ದೋಣಿಯ ಪಾಲನ್ನು ಇಬ್ಬರೂ ಬಿಡಲಿಲ್ಲ. ನೀರನ್ನೇ ಕಾಣದ ದೋಣಿ ಕೊಟ್ಟಿಗೆಯಲ್ಲಿ ಅಂದಿನ ಎಣ್ಣೆಯ ಹನಿಗಳನ್ನು ಹೊತ್ತು ಹಾಗೇ ಕೂತಿತ್ತು.

ಐವತ್ತು ವರ್ಷದ ಮುನಿಸು! ಹನಿಗಿವಿಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಕ್ಕೀತೇ? ನೀಲಗಂಗಾ ಹಿಂದುಮುಂದು ನೋಡದೆ ಒಪ್ಪಿಕೊಂಡಳು.

ಮರುದಿನ ದೋಣಿಕೊಟ್ಟಿಗೆಯಲ್ಲಿ ಊರಿಗೆ ಊರೇ ನೆರೆಯಿತು. ಕಾಫಿ ಬಂತು, ದಾಲ್ಚಿನ್ನಿಯ ಬನ್ನು ಬಂತು. ತೌನೊ ಎತ್ತರದ ಆಳು, ಬಿಳಿ ಗಡ್ಡ, ರಾಗ್ನಾಳಂತೆ ಅವನೂ ಕಿವಿಮಣಿ ಹಾಕದ ಹಟಮಾರಿ. ದೋಣಿಯ ಕೆಳಗೆ ತೆವಳಿ, "ಇಲ್ಲಿ. ದೋಣಿ ಮೂರನೇ ಪಕ್ಕೆಲುಬಿಗೆ ಬಂದಾಗ ಆಕಿ ಕೇಳಿದ್ಳು. ಕುಂಚ ನನ್ನ ಬಾಯಿ ಮ್ಯಾಲೇ ಇತ್ತು," ಎಂದು ತೋರಿಸಿದ. ಅಲ್ಲಿ ಒಂದರ ಪಕ್ಕ ಒಂದು ಮೂರು ಹನಿ ತೂಗುತ್ತಿದ್ದವು.

ಮೊದಲ ಹನಿ ಸುಟ್ಟಿತು. ಹರೆಯದ ಹುಡುಗಿಯ ದನಿ: "ವಿಲ್ ದು?" ಆಗುತ್ತೀಯಾ, ಎಂದು. ತನ್ನ ಇಪ್ಪತ್ತರ ದನಿ ಕೇಳಿದ ರಾಗ್ನಾಳ ಮುಖ ಕೆಂಪಾಯಿತು.

ಎರಡನೇ ಹನಿ ಸುಟ್ಟಿತು. ಏನೂ ಇಲ್ಲ, ಬರೀ ಮೌನ.

"ಕೇಳಿದ್ರೆಲಾ? ಎಲ್ಲಾರೂ ಕೇಳಿದ್ರೆಲಾ!" ರಾಗ್ನಾ ಗೆದ್ದಿದ್ದಳು, ಆದರೆ ಗೆದ್ದವಳ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಸುಳ್ಳುಗಾರ ಎಂದು ಬೈದರೂ, ಅವನ ಮಾತು ನಿಜವಿರಲಿ ಎಂಬ ಆಸೆ ಅವಳೊಳಗೆ ಎಲ್ಲೋ ಇತ್ತೆಂದು ಕಾಣುತ್ತದೆ. ತೌನೊ ಟೋಪಿ ಎತ್ತಿಕೊಂಡ. "ಮೂರನೇದು ಸುಡಬ್ಯಾಡ್ರಿ. ಒಮ್ಮೆ ಮಾನ ಹೋದದ್ದು ಸಾಕು. ನಾಳೆ ಹಡಗಿಗೆ ನಮ್ಮ ದೇಶಕ್ಕ ಹೋಗ್ತೇನಿ. ದೋಣಿ ಆಕಿದೇ ಆಗಲಿ," ಎಂದು ಹೊರಟ. ಅವನಿಗೆ ದಾರಿ ಬಿಟ್ಟ ಜನರಲ್ಲಿ ಒಬ್ಬರೂ ಅವನ ಮುಖ ನೋಡಲಿಲ್ಲ.

ನೀಲಗಂಗಾಳಿಗೆ ಊಟ ಸೇರಲಿಲ್ಲ. ಯಂತ್ರ ಸುಳ್ಳು ಹೇಳದು ಎಂಬ ನಂಬಿಕೆ ಅವಳದು. ಆದರೆ ಮನುಷ್ಯ ಸುಳ್ಳುಗಾರನಾದರೆ ಹೀಗೆ ತಾನೇ ತೆವಳಿ ಹೋಗಿ ಹನಿ ತೋರಿಸುತ್ತಾನೆಯೇ? ಮರುದಿನ ಬೆಳಿಗ್ಗೆ ಕ್ಷಮೆ ಕೇಳಿಯಾದರೂ ಬರೋಣ ಎಂದು ಬಂದರಿಗೆ ನಡೆದಳು. ಚಳಿ ಎಷ್ಟಿತ್ತೆಂದರೆ ದಾರಿಯಲ್ಲೇ ಕಿವಿಮಣಿಯೂ ಕೊರಳಪೆಟ್ಟಿಗೆಯೂ ಸತ್ತುಹೋದವು. ತೌನೊ ಕಬ್ಬಿಣದ ಪೆಟ್ಟಿಗೆಯ ಮೇಲೆ ಕೂತಿದ್ದ. ಮಾತಿಗೆ ದಾರಿಯಿಲ್ಲ. ಅವಳು ತನಗೆ ಬರುವ ನಾಲ್ಕು ಗಿಡ್ಡ ಮಾತುಗಳನ್ನೇ ಕೂಡಿಸಿ, ಹಡಗಿನ ಕಡೆ ಕೈ ತೋರಿಸಿ, "ದು? ನೋ?" ಎಂದಳು. ನೀನು, ಈಗ, ಎಂದು ಅದರ ಅರ್ಥ.

ತೌನೊ ಹಾ ಎಂದು ಉಸಿರು ಎಳೆದುಕೊಂಡ.

ಅಯ್ಯೋ, ಮುದುಕನಿಗೆ ಎದೆನೋವು ಬಂತೇ ಎಂದು ನೀಲಗಂಗಾ ಗಾಬರಿಯಾದಳು. ಅವನ ತೋಳು ಹಿಡಿದು ಮತ್ತೆ ಕೇಳಿದಳು. ಅವನು ಶಾಂತವಾಗಿ ಅವಳನ್ನೇ ನೋಡುತ್ತ, ಮತ್ತೆ ಅದೇ ರೀತಿ, ಚುಟುಕಾಗಿ, ಗಾಳಿಯನ್ನು ಒಳಗೆ ಎಳೆದುಕೊಂಡು ತಲೆ ಆಡಿಸಿದ. ಆಗ ಅವಳ ಕಣ್ಣಿಗೆ ಅದು ಬಿತ್ತು. ಆ ಚಳಿಯಲ್ಲಿ ಯಾರೇ ಮಾತನಾಡಲಿ, ಬಾಯಿಂದ ಬಿಳಿ ಹಬೆ ಹೊರಗೆ ಬರುತ್ತದೆ. ಹಡಗಿನವನು ಕೂಗುತ್ತಿದ್ದ, ಹಬೆ ಬರುತ್ತಿತ್ತು. ತನ್ನ ಬಾಯಿಂದಲೂ ಬರುತ್ತಿತ್ತು. ತೌನೊ ಉತ್ತರ ಕೊಟ್ಟಾಗ ಮಾತ್ರ ಹಬೆ ಬರಲಿಲ್ಲ. ಅವನ ಮೀಸೆಯ ಮುಂದೆ ತೇಲುತ್ತಿದ್ದ ಚೂರು ಹಬೆಯೂ ತಿರುಗಿ ಬಾಯೊಳಗೆ ಹೋಯಿತು.

ಅದು ಎದೆನೋವಲ್ಲ, ಏದುಸಿರೂ ಅಲ್ಲ. ಅದು ಹೌದು! ಈ ಜನ ಹೌದು ಎನ್ನುವಾಗ ಉಸಿರನ್ನು ಬಿಡುವುದಿಲ್ಲ, ಎಳೆದುಕೊಳ್ಳುತ್ತಾರೆ!

ನೀಲಗಂಗಾ ಓಡಿದಳು. ಹಿಮದ ಮೇಲೆ ಜಾರಿ ಬಿದ್ದು, ಎದ್ದು, ಮತ್ತೆ ಓಡಿದಳು. ತಲೆಯೊಳಗೆ ಒಂದೇ ಮಾತು: ಮೊರ, ನನ್ನ ಮೊರ, ನನ್ನ ಹಾಳು ಮೊರ! ಹನಿಗಿವಿ ಕಟ್ಟುವಾಗ ಅವಳು ಅದರೊಳಗೆ ಗಾಳಿಯ ಸದ್ದನ್ನು ಕೇರಿ ಎಸೆಯುವ ಒಂದು ಸೋಸುವ ಸಾಧನವನ್ನು ಇಟ್ಟು, ಅದಕ್ಕೆ ಮೊರ ಎಂದು ಹೆಸರಿಟ್ಟಿದ್ದಳು. ಮನುಷ್ಯ ಮಾತನಾಡುವಾಗ ಗಂಟಲಿನ ತಂತು ಮಿಡಿಯುತ್ತದೆ, ಆ ಮಿಡಿತವಿಲ್ಲದ್ದೆಲ್ಲ ಗಾಳಿ ಎಂದು ಲೆಕ್ಕ. ಗಾಳಿಯೆಂದು ಕಂಡ ಪದರವನ್ನು ಯಂತ್ರ ದಾಖಲಿಸದೆಯೇ ಸುಟ್ಟುಬಿಡುತ್ತಿತ್ತು. ಹೊಟ್ಟನ್ನು ಯಾರಾದರೂ ಕೂಡಿಡುತ್ತಾರೆಯೇ ಎಂದು ಅವಳೇ ಜಂಬದಿಂದ ಹೇಳಿಕೊಂಡಿದ್ದಳು. ಒಳಗೆಳೆದ ಉಸಿರಿನಲ್ಲಿ ತಂತು ಮಿಡಿಯುವುದಿಲ್ಲ. ಮೊರ ಕಾಳನ್ನೇ ತೂರಿಬಿಟ್ಟಿತ್ತು.

ಕೌರಿ ಕಾಫಿ ಕುಡಿಯುತ್ತಿದ್ದ. ಅವಳು ಹೊಸ ಕಿವಿಮಣಿ, ಹೊಸ ಕೊರಳಪೆಟ್ಟಿಗೆ ಸಿಕ್ಕಿಸಿಕೊಂಡು ಏದುತ್ತ ಹೇಳಿದ್ದನ್ನು ಕೇಳಿ ಬಟ್ಟಲು ಕೆಳಗಿಟ್ಟ.

"ನಮ್ಮಜ್ಜಿನೂ ಹಂಗ ಮಾಡ್ತಿದ್ಳಲ್ಲ," ಎಂದ ಮೆಲ್ಲಗೆ. "ದಮ್ಮಿನ ಬ್ಯಾನಿ ಅಂತ ತಿಳದಿದ್ವಿ. ಹಳೇ ಪುಸ್ತಕದಾಗ ಎಲ್ಲೋ ಓದಿದ ನೆನಪು. ಮುದುಕರ ಚಾಳಿ ಅಂತ ಹಾಳಿ ತಿರುವಿದ್ದೆ."

"ಮುದುಕರದ್ದಷ್ಟೇ ಯಾಕ ಆತು? ನಿಮ್ಮದು ಯಾಕ ನಿಂತಿತು?"

ಕೌರಿ ತನ್ನ ಕಿವಿ ಮುಟ್ಟಿಕೊಂಡ. ಉತ್ತರ ಅಲ್ಲೇ ಇತ್ತು. ಕಿವಿಮಣಿಯೂ ಉಸಿರನ್ನು ಗದ್ದಲವೆಂದೇ ಸೋಸುತ್ತಿತ್ತು. ಉಸಿರೆಳೆದು ಹೌದು ಎಂದರೆ ಎದುರಿನವರಿಗೆ ಮುಟ್ಟುತ್ತಿರಲಿಲ್ಲ. ಮುಟ್ಟದ ಮಾತನ್ನು ಮಕ್ಕಳು ಯಾಕೆ ಕಲಿತಾರು? ಮಣಿ ಹಾಕದ ಇಬ್ಬರು ಹಟಮಾರಿಗಳಲ್ಲಿ ಮಾತ್ರ ಅದು ಉಳಿದಿತ್ತು. ಅವರಿಗೂ ಅದು ಎಷ್ಟು ಸಹಜವೆಂದರೆ, ನಾನು ಉಸಿರೆಳೆದೆ ಎಂದು ತೌನೊ ಎಂದೂ ವಿವರಿಸಿರಲಿಲ್ಲ. ಹೌದು ಎಂದೆ ಎಂದಷ್ಟೇ ಹೇಳಿದ್ದ.

"ಮೂರನೇ ಹನಿ ಐತಿ," ಎಂದಳು ನೀಲಗಂಗಾ. "ಮೊರ ಕಿತ್ತು ಹಾಕಿ ಓದೋಣು."

"ಅದರಾಗ ಹೌದು ಸಿಕ್ಕರ ನಮ್ಮ ಪ್ರಬಂಧ ಸತ್ಹಂಗ. ಇಡೀ ಜಗತ್ತು ನಗತೈತಿ."

"ನಗಲಿ. ನಿನ್ನೆ ಒಬ್ಬ ಮನುಷ್ಯನ್ನ ನಾವು ಊರ ಮುಂದ ಸುಳ್ಳ ಮಾಡೇವಿ, ಕೌರಿ."

ಕೌರಿ ಒಂದು ಕ್ಷಣ ಬೋಳುತಲೆ ಕೆರೆದುಕೊಂಡ. ಆಮೇಲೆ ತಾನೇ ಮೊದಲು ಎದ್ದು ಉಪಕರಣಗಳ ಪೆಟ್ಟಿಗೆ ತೆಗೆದ. ಪಂಡಿತನಾದರೂ ಒಳ್ಳೆಯವನು.

ಅವನು ಮೊರ ಕೀಳುವಷ್ಟರಲ್ಲಿ ನೀಲಗಂಗಾ ಬಂದರಿಗೆ ಮರಳಿದಳು. ಹಡಗು ಹೊರಡುವ ಸೀಟಿ ಹೊಡೆದಿತ್ತು. ತೌನೊ ಏಣಿಯ ಮೇಲೆ ಒಂದು ಕಾಲಿಟ್ಟಿದ್ದ. ಅವಳು ಹೋಗಿ ಅವನ ಕಬ್ಬಿಣದ ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು.

"ನಿಮ್ಮ ಮಾತು ಖರೆ ಐತಿ. ಸುಳ್ಳು ಹೇಳಿದ್ದು ನನ್ನ ಯಂತ್ರ. ಮೂರನೇ ಹನಿ ಸುಡಾಕ ಒಪ್ಪಿಗಿ ಕೊಡ್ರಿ. ಕೊಡೂ ತನಕ ನಾ ಏಳಂಗಿಲ್ಲ."

ತೌನೊ ಅವಳನ್ನೂ ಹಡಗನ್ನೂ ನೋಡಿದ. ಆಮೇಲೆ ಉಸಿರು ಎಳೆದುಕೊಂಡ. ಕಿವಿಮಣಿ ಏನನ್ನೂ ಅನುವಾದಿಸಲಿಲ್ಲ. ಅದಕ್ಕೆ ಅಲ್ಲಿ ಏನೂ ಕೇಳಿಸಿರಲೇ ಇಲ್ಲ. ನೀಲಗಂಗಾಳಿಗೆ ಕೇಳಿಸಿತು.

ಕೊಟ್ಟಿಗೆಗೆ ಮತ್ತೆ ಜನ ಸೇರಿದರು. ರಾಗ್ನಾ ಬರುವುದಿಲ್ಲ ಎಂದವಳು ಎಲ್ಲರಿಗಿಂತ ಮುಂದೆ ಬಂದು ನಿಂತಳು. ಮೂರನೆಯದು ಮೂರರಲ್ಲಿ ಚಿಕ್ಕ ಹನಿ, ಸಾಸಿವೆಗಿಂತ ತುಸು ದೊಡ್ಡದು. ನೀಲಿ ಬೆಳಕು ಹನಿಯನ್ನು ಮುಟ್ಟಿತು.

ಈ ಸಲ ಸೋಸದ ಸದ್ದು ಹಾಗ್ಹಾಗೇ ಬಂತು. ಗಾಳಿ, ಅಲೆ, ಹಲಗೆಗೆ ಕುಂಚ ಉಜ್ಜುವ ಸರಸರ. ಅವುಗಳ ನಡುವೆ, ಬಾಯಿ ಹತ್ತಿರವೇ ಇದ್ದದ್ದರಿಂದ ಸ್ಪಷ್ಟವಾಗಿ, ಒಳಗೆಳೆದ ಒಂದು ಗಿಡ್ಡ ಉಸಿರು: "ಹ್ಯೋ." ಇಪ್ಪತ್ತೆರಡರ ಹುಡುಗನ ಹೌದು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ರಾಗ್ನಾ ದೋಣಿಯ ಅಂಚು ಹಿಡಿದುಕೊಂಡಳು.

"ಮತ್ತ ಜೋರಾಗಿ ಯಾಕ ಅನ್ನಲಿಲ್ಲೋ, ಕಲ್ಲಿನಂಥವನ? ಗಾಳಿ ಹೆಂಗ ಬೀಸಾಕತ್ತಿತ್ತು!"

"ಹೌದು ಅನ್ನೂದನ್ನ ಯಾರರ ಒದರಿ ಹೇಳ್ತಾರೇನ?" ತೌನೊಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ಇಲ್ಲ ಅನ್ನೂದನ್ನ ಹೊರಗ ಉಗುಳತೇವಿ. ಹೌದು ಅನ್ನೂದನ್ನ ಒಳಗ ಇಟಗೋತೇವಿ. ನೀ ಯಾಕ ಇನ್ನೊಮ್ಮೆ ಕೇಳಲಿಲ್ಲ?"

ರಾಗ್ನಾ ಅಂಗೈಯಿಂದ ದೋಣಿಯ ಅಂಚಿನ ಧೂಳು ಒರೆಸಿದಳು.

"ದೋಣಿ ನೀರಿಗಿಳಸೂಣೇನ?" ಎಂದು ತೌನೊ ಕೇಳಿದ.

ರಾಗ್ನಾ ಉಸಿರು ಎಳೆದುಕೊಂಡಳು. ಗುಂಪಿನಲ್ಲಿದ್ದ ಹುಡುಗಿಯೊಬ್ಬಳು ಕಿವಿಮಣಿ ತೆಗೆದು, ಕೈಯಲ್ಲಿ ಹಿಡಿದು, ಮುದುಕಿಯ ಬಾಯನ್ನೇ ನೋಡುತ್ತ ನಿಂತಳು.

ಆ ವಾರವೆಲ್ಲ ಪ್ರಯೋಗಶಾಲೆಯಲ್ಲಿ ಹಬ್ಬ. ಕಪಾಟಿನಲ್ಲಿ ಉಳಿದಿದ್ದ ಹನಿಗಳನ್ನು ಮೊರವಿಲ್ಲದೆ ಓದಿದಂತೆಲ್ಲ ಹೌದುಗಳು ಸುರಿದವು. ನಾರ್ವೆಯ ದೋಣಿಯಲ್ಲಿ, ಸ್ವೀಡನ್ನಿನ ದೋಣಿಯಲ್ಲಿ, ಫಿನ್‌ಲ್ಯಾಂಡಿನ ಕೆಸರಿನಿಂದೆತ್ತಿದ ಹಲಗೆಯಲ್ಲಿ, ಎಲ್ಲೆಲ್ಲೂ ಅದೇ ಗಿಡ್ಡ ಉಸಿರು. ಫಿನ್ನಿಶ್ ಭಾಷೆಗೂ ನಾರ್ವೆಯ ಭಾಷೆಗೂ ರಕ್ತಸಂಬಂಧವಿಲ್ಲ. ನೀರಿಗೆ ಬೇರೆ ಮಾತು, ಇಲ್ಲಕ್ಕೆ ಬೇರೆ ಮಾತು. ಆದರೂ ಹೌದು ಎನ್ನುವಾಗ ಇಬ್ಬರೂ ಒಂದೇ ಗಾಳಿಯನ್ನು ಒಳಗೆಳೆದಿದ್ದರು. ಯಾರು ಯಾರಿಂದ ಕಲಿತರೋ ಕೌರಿಗೆ ಹೇಳಲಾಗಲಿಲ್ಲ. ಉಳಿದವುಗಳಲ್ಲೇ ಎಲ್ಲಕ್ಕಿಂತ ಹಳೆಯ ಹನಿಯಲ್ಲೂ, "ಅಹ್ವ" ಎಂಬ ನೀರಿನ ಜೊತೆಯಲ್ಲೇ ಅದು ಸಿಕ್ಕಾಗ ಇಬ್ಬರೂ ಮೇಜು ಬಡಿದು ಕೂಗಾಡಿದರು.

ಕೂಗಾಟ ಇಳಿದ ಮೇಲೆ ನೀಲಗಂಗಾ ಖಾಲಿ ಬಟ್ಟಲುಗಳ ಸಾಲನ್ನು ನೋಡಿದಳು. ಹಿಂದೆ ಸುಟ್ಟ ಸಾವಿರಾರು ಹನಿಗಳಲ್ಲಿ ಎಷ್ಟು ಹೌದುಗಳಿದ್ದವೋ. ಅವು ಇನ್ನು ಬರುವುದಿಲ್ಲ. ತಾವು ತಪ್ಪಿದೆವು ಎಂದು ಅವಳೂ ಕೌರಿಯೂ ಜಗತ್ತಿಗೆ ತಿಳಿಸಿದರು, ಜಗತ್ತು ಒಂದೆರಡು ದಿನ ನಕ್ಕಿತು. ಅವಳಿಗೆ ನಗುವವರ ಮೇಲೆ ಸಿಟ್ಟು ಬರಲಿಲ್ಲ. ಬೇರೊಂದು ವಿಷಯ ಮನಸ್ಸನ್ನು ಕೊರೆಯುತ್ತಿತ್ತು.

ಅವಳ ಬಳಿ ಅಜ್ಜಿಯ ದನಿಯ ಒಂದು ದಾಖಲೆಯಿತ್ತು, ಒಂದೇ ಒಂದು. ಅವಳು ಐದಾರು ವರ್ಷದವಳಿದ್ದಾಗ, ಅಪ್ಪನ ಕೆಲಸಕ್ಕಾಗಿ ಪರವೂರಿನಲ್ಲಿದ್ದಾಗ, ಅಜ್ಜಿ ಧಾರವಾಡದಿಂದ ಫೋನಿನಲ್ಲಿ ಕತೆ ಹೇಳುತ್ತಿದ್ದಳು. ಆ ಕಾಲದ ಫೋನುಗಳು ಗದ್ದಲ ಸೋಸುವ ಜಾಣತನವನ್ನು ಆಗಷ್ಟೇ ಕಲಿಯುತ್ತಿದ್ದವು, ಬಾಯಿ ಮುಚ್ಚಿ ಮಾಡಿದ ಸದ್ದನ್ನೂ ಗದ್ದಲವೆಂದೇ ತೆಗೆದುಹಾಕುತ್ತಿದ್ದವು. ದಾಖಲೆಯಲ್ಲಿ ಒಂದೂರಿನ ಒಬ್ಬ ಹೆಣ್ಣುಮಗಳು ಬಾವಿಗೆ ನೀರಿಗೆ ಹೋಗಿ, ಬಾವಿಯೊಳಗೆ ದೀಪ ಕಾಣುವಲ್ಲಿಗೆ ಕತೆ ನಿಂತುಬಿಡುತ್ತದೆ. ನಿದ್ದೆಹೋಗಿ ಕತೆ ತಪ್ಪಿಸಿಕೊಂಡೆ ಎಂದೇ ನೀಲಗಂಗಾ ಇಷ್ಟು ವರ್ಷ ನಂಬಿದ್ದಳು.

ಅವಳು ಕಿವಿಮಣಿ ತೆಗೆದು ಮೇಜಿನ ಮೇಲಿಟ್ಟು ಆ ದಾಖಲೆಯನ್ನು ಮತ್ತೆ ಹಾಕಿದಳು.

"...ಬಾವ್ಯಾಗ ಹಣಿಕಿ ನೋಡ್ತಾಳ, ಒಳಗ ದೀಪ! ಹೂಂ ಅನ್ನವಾ." ಮೌನ. "ನೀಲಾ, ಹೂಂ ಅನ್ನು. ಹೂಂ ಅನ್ನದಿದ್ರ ಕತಿ ಮುಂದ ಹೋಗೂದಿಲ್ಲ." ಮತ್ತೆ ಮೌನ. "ಮಲಗಿತು ಕೂಸು. ಇರಲಿ, ಉಳದದ್ದು ನಾಳೆ."

ನೀಲಗಂಗಾ ನಿದ್ದೆಹೋಗಿರಲಿಲ್ಲ. ಈಗ ನಿಚ್ಚಳವಾಗಿ ನೆನಪಾಯಿತು. ಕಂಬಳಿಯೊಳಗೆ ಫೋನನ್ನು ಕೆನ್ನೆಗೆ ಒತ್ತಿಕೊಂಡು, ಬಾಯಿ ಮುಚ್ಚಿಕೊಂಡೇ, ಮೂಗಿನಲ್ಲಿ, ಮತ್ತೆ ಮತ್ತೆ ಅವಳು ಹೂಂ ಎನ್ನುತ್ತಲೇ ಇದ್ದಳು.